ಪುಟ ಇನ್ನೂರ ಹನ್ನೊಂದು

ಸಮಿತಿಗೆ ಪಟ್ಟಿ ಬೇಕಂತೆ, ಶುಕ್ರವಾರದೊಳಗೆ.
ಡಾಕ್ಟರ್ ಹೆಲ್ಯು ತಾಮ್ಮಿಕ್ ಏನೇನು ಬರೆದಳು,
ಯಾರು ಎಷ್ಟು ಸಲ ಅವಳ ಹೆಸರೆತ್ತಿದರು,
ಎಲ್ಲ ಕೋಷ್ಟಕದಲ್ಲಿ, ಕೂಡಿಸಿ.
ಅವಳು ಕಣ್ಣಿನ ಪೊರೆ ತೆಗೆಸಿ ಇನ್ನೂ ವಾರವಾಗಿಲ್ಲ.
ಹಾಗಾಗಿ ಕೂತಿದ್ದೇನೆ ನಾನು, ಅವಳ ಮೇಣ ಕತ್ತರಿಸಿದವಳು,
ಮೂವತ್ತೊಂದು ವರ್ಷ, ತಾರ್ತುವಿನ ಈ ನೆಲಮಾಳಿಗೆಯಲ್ಲಿ,
ಕಿಟಕಿಯಾಚೆ ಹೋಗಿಬರುವವರ ಬೂಟು ಮಾತ್ರ ಕಾಣುವಲ್ಲಿ.

ಪ್ರಬಂಧ ಅರವತ್ತೆಂಟು.
ಉಲ್ಲೇಖ ಎರಡು ಸಾವಿರದ ನಾನೂರ ಆರು.
ಎಚ್-ಸೂಚ್ಯಂಕ ಹತ್ತೊಂಬತ್ತು.
ಹಾಗೆಂದರೇನು ಎಂದು ಗಂಡ ಕೇಳಿದ. ಹೇಳಿದೆ:
ಹತ್ತೊಂಬತ್ತು ಪ್ರಬಂಧಗಳಿವೆ, ಒಂದೊಂದನ್ನೂ
ಹತ್ತೊಂಬತ್ತು ಸಲವಾದರೂ ಯಾರೋ ನೆನೆದಿದ್ದಾರೆ.
"ಇಪ್ಪತ್ತನೆಯದರ ಗತಿ?" ಎಂದ, ಆಲೂಗಡ್ಡೆ ಸುಲಿಯುತ್ತ.

ಆ ಎರಡು ಸಾವಿರ ಚಿಲ್ಲರೆಯಲ್ಲಿ
ಸಾವಿರದ ಐನೂರು ಒಂದಕ್ಕೇ ಸೇರಿದ್ದು:
ಬಣ್ಣ ತೊಳೆಯುವ ನೀರಿನ ಮೇಲೆ ಮೂರೂವರೆ ಪುಟ.
ನಲ್ಲಿಗಳೆಲ್ಲ ಹೆಪ್ಪುಗಟ್ಟಿದ ಫೆಬ್ರವರಿ ಅದು.
ಅತ್ತೆಯ ಮನೆಯ ಬಾವಿಯಿಂದ ಎರಡು ಕ್ಯಾನು ನೀರು
ಸ್ಲೆಡ್ಜಿನಲ್ಲಿ ಎಳೆದು ತಂದಿದ್ದೆ, ಕೈಗವಸು ಹಿಡಿಗೆ ಅಂಟಿತ್ತು.
ಅಂದು ಜೀವಕೋಶಗಳ ನಡುಗಣ್ಣು ಎಂದೂ ಇಲ್ಲದಷ್ಟು ನೀಲಿ,
ನೇರಳೆಯ ಮಬ್ಬು ಕಳೆದು, ಒಂದೊಂದೂ ಬೇರೆಬೇರೆ.
"ಏನು ಮಾಡಿದೆ?" ಎಂದಳು, ಬೈಯುವ ದನಿಯಲ್ಲೇ.
"ನೀರು," ಎಂದೆ.
ಮೂರು ದಿನ ಮನೆಗೆ ಹೋಗಲಿಲ್ಲ ಅವಳು.

ಆ ಪ್ರಬಂಧ ಇರುವುದು ಇನ್ನೂರ ಹನ್ನೊಂದನೇ ಪುಟದಲ್ಲಿ.
ಯಾರೋ ಪುಣ್ಯಾತ್ಮ ಎಂದೋ ಎಪ್ಪತ್ತೊಂದು ಎಂದು ಬರೆದ.
ಅವನನ್ನು ನೋಡಿ ಇನ್ನೊಬ್ಬ. ಅವನನ್ನು ನೋಡಿ ಮತ್ತೊಬ್ಬ.
ಎಣಿಸಿದೆ: ಮುನ್ನೂರ ಹನ್ನೆರಡು ಜನ,
ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದವರು,
ಎಲ್ಲರೂ ಡಾಕ್ಟರುಗಳು.

ನಲವತ್ತೊಂದನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.
ಉಲ್ಲೇಖ: ಸೊನ್ನೆ.
ಹೀಯುಮಾ ದ್ವೀಪದ ದೋಣಿಬಡಗಿಯ ಶ್ವಾಸಕೋಶ.
ಕ್ಯಾನ್ಸರ್ ಎಂದಿದ್ದರು, ಸೋಮವಾರ ಕತ್ತರಿಸುವುದಿತ್ತು.
ಇವಳು ಮಾತ್ರ ಆ ಖಾಲಿ ಗುಳ್ಳೆಗಳನ್ನೇ ನೋಡುತ್ತ ಕೂತಳು:
ಇಲ್ಲಿ ಏನೋ ಇತ್ತು, ನಮ್ಮ ಮೇಣ ಅದನ್ನು ತಿಂದಿದೆ.
ಮಿಕ್ಕ ಚೂರನ್ನು ಹೆಪ್ಪುಗಟ್ಟಿಸಿ ಸೀಳು, ಕೆಂಪು ಹಾಕು ಎಂದಳು.
ಭಾನುವಾರ ಸಂಜೆ ಗಾಜಿನ ಮೇಲೆ ಕೆಂಪಗೆ ಎದ್ದು ನಿಂತವು
ಎಣ್ಣೆಯ ಹನಿಗಳು.
ಮೂಗು ಕಟ್ಟಿದಾಗೆಲ್ಲ ಅವನು ಅಜ್ಜಿ ಹೇಳಿದಂತೆ
ಸೀಲ್ ಎಣ್ಣೆ ಬಿಟ್ಟುಕೊಳ್ಳುತ್ತಿದ್ದನಂತೆ, ನಲವತ್ತು ವರ್ಷ.
ಆಮೇಲೆ ಪ್ರತಿ ಡಿಸೆಂಬರಿನಲ್ಲೂ ಬಸ್ಸಿಗೆ ಹಾಕುತ್ತಿದ್ದ
ಹೊಗೆಯಾಡಿಸಿದ ಮೀನಿನ ಪೊಟ್ಟಣ. ವಾರವೆಲ್ಲ ಪ್ರಯೋಗಾಲಯ ನಾರುತ್ತಿತ್ತು.

ಫೋನು ಮಾಡಿದೆ: ಇದರ ಮುಂದೆ ಏನಾದರೂ ಬರೆಯಲೇ?
"ಸೊನ್ನೆ ಅಂದರೆ ಸೊನ್ನೆ," ಎಂದಳು. "ಮೀನಿಗೆ ಕಾಲಂ ಇಲ್ಲ."
ತುಸು ತಡೆದು, "ನಾನೂರ ಆರಲ್ಲ, ಒಂಬತ್ತು.
ಮೊನ್ನೆ ಒಸಾಕದಿಂದ ಮೂರು ಬಂದಿವೆ, ಸೇರಿಸು."

ಸೇರಿಸಿದೆ. ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದೆ.
ನೀರಿನ ಪ್ರಬಂಧದ ಎದುರು, ಗಣಕದಿಂದ ಎತ್ತಿಕೊಂಡು,
ನಾನೂ ಬರೆದಿದ್ದೆ: ಎಪ್ಪತ್ತೊಂದು.
ಮುನ್ನೂರ ಹದಿಮೂರನೆಯವಳು.

ಏಣಿ ಹತ್ತಿದೆ. ಸಂಪುಟ ಇಳಿಸಿದೆ, ಧೂಳಿಗೆ ಸೀನಿದೆ.
ಎಪ್ಪತ್ತೊಂದರಲ್ಲಿ ತಕ್ಕಡಿ ಮಾರುವವರ ಜಾಹೀರಾತು.
ಹನ್ನೊಂದರಲ್ಲಿ ಅವಳು.
ಇಷ್ಟು ವರ್ಷದಲ್ಲಿ ನಾನೂ ತೆರೆದವಳಲ್ಲ.
ನಿಂತೇ ಓದಿದೆ, ಮೂರೂ ಪುಟ, ಆ ಅರ್ಧವನ್ನೂ.
ಕೊನೆಗೆ, ಇರುವೆಯಂಥ ಅಕ್ಷರದಲ್ಲಿ:
ಬಾವಿಯ ನೀರು ತಂದ ಲೈನೆ ಪೂಸ್ತ್‌ಗೆ ಋಣಿ.

ಪೂಸ್ತ್ ಅಲ್ಲ, ಪೂಸೆಪ್.
ಈ ತಪ್ಪನ್ನು ಮಾತ್ರ ಯಾರೂ ನಕಲು ಮಾಡಿಲ್ಲ.